ಮಲಗಿದವನ ಹೆಸರು

ಸುದ್ದಿ ಬಂದ ದಿನ ನಾನು ಗುಡ್ಡದ ನೆತ್ತಿಯ ಮೇಲೆ ಫೋನು ಕಿವಿಗಿಟ್ಟುಕೊಂಡು ನಿಂತಿದ್ದೆ. ನಮ್ಮ ಸಿಯಾನ ಬಯಲಿನಲ್ಲಿ ಫೋನಿಗೆ ಜೀವ ಬರುವುದು ಆ ಗುಡ್ಡದ ಮೇಲೆ, ಅದೂ ಒಂದು ಒಣ ಜಾಲಿ ಮರದ ಬುಡದಲ್ಲಿ. ಆ ತುದಿಯಲ್ಲಿ ಮಾತನಾಡುತ್ತಿದ್ದವಳು ಸಿಗ್ರಿದ್ ಎಂಬ ನಾರ್ವೆ ದೇಶದ ಮುದುಕಿ. ಹರೆಯದಲ್ಲಿ ಅರೂಷದ ಕಡೆ ದಾದಿಯಾಗಿದ್ದವಳು, ಸ್ವಾಹಿಲಿ ಚೆನ್ನಾಗಿ ಬಲ್ಲಳು. ಮೊಮ್ಮಕ್ಕಳನ್ನು ಕರೆದುಕೊಂಡು ಸಫಾರಿಗೆ ಬರುವ, ಹಾಗೆಯೇ ನನ್ನ ಗೆಳೆಯನೊಬ್ಬನನ್ನು ಅವನ ಹಟ್ಟಿಯಲ್ಲಿ ಕಾಣುವ ಏರ್ಪಾಟಿನಲ್ಲಿದ್ದಳು. ನದಿಯ ದಂಡೆಯ ಪ್ರವಾಸಿ ಬಿಡಾರದವರು, ಬರುವ ಅತಿಥಿಗಳಿಗೆ ನಮ್ಮ ಮಾಸಾಯಿಗಳ ರೀತಿನೀತಿ ತಿಳಿಸಲು ನನ್ನನ್ನು ಇಟ್ಟುಕೊಂಡು ಬಹಳ ಕಾಲವಾಗಿತ್ತು. ಆದ್ದರಿಂದ ಅವಳು ಕೇಳಬೇಕಾದ್ದನ್ನೆಲ್ಲ ನನ್ನನ್ನೇ ಕೇಳುತ್ತಿದ್ದಳು. ಗಡ್ಡದ ಕಾಡುದನಗಳು ನದಿ ದಾಟುವುದು ಯಾವಾಗ, ಮಕ್ಕಳಿಗೆ ಎಂಥ ಬಟ್ಟೆ ತರಬೇಕು, ಹಟ್ಟಿಯೊಳಗೆ ಏನು ಮಾಡಬಾರದು, ಹೀಗೆ.

"ದನಗಳನ್ನ ಎಣಿಸಬಾರ್ದು ಅಂದ್ರಲ್ಲ, ಅದನ್ನ ಹೇಳಿಕೊಟ್ಟಿದೀನಿ," ಎಂದಳು ಸಿಗ್ರಿದ್. "ಈಗ ಹೇಳಿ, ಅಜ್ಜನ ಹತ್ರ ಬಂದಾಗ ಮೊದಲು ತಲೆ ಬಾಗಿಸ್ಬೇಕೋ, ಮೊದಲು ಹೆಸರು ಕರೀಬೇಕೋ?"

"ಬೇಲಿ ಹೊರಗೆ ನಿಂತು ಹೆಸರು ಕರೀಲಿ. ಅವನು ಹೊರಗೆ ಬಂದ್ಮೇಲೆ ತಲೆ ಬಾಗಿಸ್ಲಿ. ಅವನು ಕೈ ಇಡ್ತಾನೆ."

ಅವಳ ಬೆನ್ನ ಹಿಂದೆ ಮಕ್ಕಳು ಆ ಹೆಸರನ್ನು ಅಭ್ಯಾಸ ಮಾಡುತ್ತಿದ್ದವು. ಮೊದಲ ಅಕ್ಷರವನ್ನು ಎಳೆಯಬೇಕು, ಕೊನೆಯದನ್ನು ನುಂಗಬೇಕು. ಅವು ಇನ್ನೂ ಕೊನೆಯದನ್ನು ಎಳೆಯುತ್ತಿದ್ದವು. ನಾನು ತಿದ್ದಿದೆ. ಮತ್ತೆ ಹೇಳಿದವು. ಈಗ ಸರಿಯಾಯಿತು ಎನ್ನುವಷ್ಟರಲ್ಲಿ ಗುಡ್ಡ ಹತ್ತಿ ಬರುತ್ತಿದ್ದ ಕುಂಟಾಯಿ ಕಾಣಿಸಿದ. ಅವನು ಆ ಹೆಸರಿನವನ ತಮ್ಮ, ಸದಾ ಏನಾದರೊಂದು ನಗೆಮಾತು ಆಡುತ್ತಲೇ ಬರುವವನು. ಅಂದು ನಮಸ್ಕಾರವನ್ನೂ ಹೇಳಲಿಲ್ಲ. ಹತ್ತಿರ ಬಂದು ಕೋಲನ್ನು ನೆಲಕ್ಕೂರಿ ನಿಂತ.

"ಅಣ್ಣ ಮಲಗಿದ," ಎಂದ.

ನಾನು ಫೋನಿನ ಗುಂಡಿ ಒತ್ತಿ ಅದನ್ನು ಹೊದಿಕೆಯೊಳಗೆ ಸೇರಿಸಿದೆ. ಆ ಮಾತನ್ನು ನಮ್ಮಲ್ಲಿ ಇನ್ನೊಮ್ಮೆ ಕೇಳುವವರಿಲ್ಲ.

ಬೆಳಿಗ್ಗೆ ಕರುಗಳನ್ನು ಬಿಟ್ಟವನು ಕರುದೊಡ್ಡಿಯ ಕಂಬಕ್ಕೆ ಒರಗಿ ಕೂತಿದ್ದನಂತೆ. ಹೆಂಡತಿ ನೋಲ್ಮೊಂಗಿ ಹಾಲು ತಂದಿಟ್ಟು ಒಳಗೆ ಹೋಗಿದ್ದಾಳೆ. ಮತ್ತೆ ಬಂದು ನೋಡಿದಾಗ ಹಾಲು ಹಾಗೆಯೇ ಇತ್ತು.

ಅವನೂ ನಾನೂ ಒಂದೇ ಓರಗೆಯವರು. ಒಟ್ಟಿಗೆ ಸುನ್ನತಿಯ ಕತ್ತಿ ಕಂಡವರು, ಒಟ್ಟಿಗೆ ಈಟಿ ಹಿಡಿದವರು, ಒಟ್ಟಿಗೆ ಹಿರಿಯರಾದವರು. ನಮ್ಮಲ್ಲಿ ಒಬ್ಬ ಇನ್ನೊಬ್ಬನಿಗೆ ಹೆಣ್ಣುಗರು ಕೊಟ್ಟರೆ ಅಂದಿನಿಂದ ಇಬ್ಬರೂ ಹೆಸರು ಬಿಟ್ಟು ಒಬ್ಬರನ್ನೊಬ್ಬರು 'ಪಾಶೆ' ಎಂದು ಕರೆಯುವುದು. ಅವನು ನನಗೆ ಕರು ಕೊಟ್ಟಾಗ ನಮ್ಮಿಬ್ಬರ ತಲೆಯಲ್ಲೂ ಕಪ್ಪು ಕೂದಲಿತ್ತು. ಆಮೇಲೆ ನಾನು ಅವನ ಹೆಸರು ಹಿಡಿದು ಕರೆದದ್ದೇ ಇಲ್ಲ. ಹೆಂಡತಿಯಂತೂ ಗಂಡನ ಹೆಸರು ಹೇಳುವವಳಲ್ಲ. ಮಕ್ಕಳಿಗೆ ಅಪ್ಪ, ಮೊಮ್ಮಕ್ಕಳಿಗೆ ಅಜ್ಜ. ದನದ ವ್ಯಾಪಾರಿಗಳು, ಲಸಿಕೆ ಹಾಕುವವರು, ಸರ್ಕಾರದವರು ಬೇಲಿಯ ಹೊರಗೆ ನಿಂತು ಹೆಸರು ಕೂಗುತ್ತಿದ್ದರು, ಅಷ್ಟೇ. ಸಿಗ್ರಿದ್ ತನ್ನ ಮೊಮ್ಮಕ್ಕಳಿಗೆ ಹೆಸರು ಕಲಿಸುತ್ತೇನೆ ಎಂದಾಗ, ಹಿರಿಯರ ಹೆಸರನ್ನು ಮಕ್ಕಳು ಹೇಳುವುದು ನಮ್ಮಲ್ಲಿ ಸಲ್ಲದು ಎಂದು ನಾನು ಅಡ್ಡ ಬಂದಿದ್ದೆ. ಅವನೇ ನಕ್ಕು ತಡೆದಿದ್ದ.

"ಕರೀಲಿ ಬಿಡೋ ಪಾಶೆ. ನನಗೊಂದು ಹೆಸರಿದೆ ಅನ್ನೋದೇ ಮರೆತುಹೋಗಿದೆ. ನಮ್ಮ ದನಕ್ಕೆ ರೋಗ ತರೋ ಆ ಗಡ್ಡದ ಪ್ರಾಣೀನ ನೋಡೋಕೆ ಅಷ್ಟು ದೂರದಿಂದ ಬರ್ತಾವೆ. ಪಾಪ, ನನ್ನನ್ನೂ ಒಂದ್ಸಲ ನೋಡ್ಕೊಂಡು ಹೋಗ್ಲಿ."

ಸೂರ್ಯ ಇಳಿಯುವ ಮೊದಲೇ ಮಣ್ಣು ಮಾಡಿದೆವು. ಕಾಲಿಗೆ ಹೊಸ ಚಪ್ಪಲಿ, ಕೈಯಲ್ಲಿ ಹಸಿರು ಹುಲ್ಲು. ಬೇಲಿಯ ಪಕ್ಕದಲ್ಲಿ ಕಲ್ಲು ಪೇರಿಸಿದೆವು. ಗಂಡುಮಕ್ಕಳು ತಲೆ ಬೋಳಿಸಿಕೊಂಡರು. ನೋಲ್ಮೊಂಗಿ ಕೊರಳಿನ ಮಣಿ, ಕಿವಿಯ ಮಣಿ ಎಲ್ಲ ತೆಗೆದಿಟ್ಟಳು. ಅಂದಿನಿಂದ ಆ ಹೆಸರು ನಮ್ಮ ಬಾಯಲ್ಲಿಲ್ಲ. ಅದೇ ಹೆಸರಿನ ಒಬ್ಬ ಸೋದರಳಿಯನಿಗೆ ಬೇರೆ ಹೆಸರಿಟ್ಟರು. ನಾನು ಇಲ್ಲಿಯೂ ಅದನ್ನು ಹೇಳುವುದಿಲ್ಲ.

ಹೊರಡುವಾಗ ನೋಲ್ಮೊಂಗಿ ನನ್ನ ಹತ್ತಿರ ಬಂದಳು. "ಭಾವ, ತಿಂಗಳು ತುಂಬಿದ್ಮೇಲೆ ಎತ್ತು ಕಡೀತೀವಿ. ಅವತ್ತು ಪ್ರಾರ್ಥನೆ ನೀವು ಹೇಳ್ಬೇಕು. ಅವರೂ ಅದನ್ನೇ ಇಷ್ಟಪಡ್ತಿದ್ರು."

"ಹೇಳ್ತೀನಿ ತಾಯಿ," ಎಂದೆ.

ಮಲಗಿದವನ ಹಟ್ಟಿಯಲ್ಲಿ ಹಿರಿಯರ ನಡುವೆ ನಿಂತು, ಅವನನ್ನು ನಮ್ಮ ತಾಯಿದೇವರು ಎಂಕಾಯ್‌ಗೆ ಒಪ್ಪಿಸುವ ಮಾತನ್ನು ಆಡುವುದು ಅವನ ಪಾಶೆಗೆ ಸಲ್ಲುವ ಕೆಲಸ. ಆ ಮಾತು ಮುಗಿದ ಮೇಲೆಯೇ ಮನೆಯವರ ಮನಸ್ಸು ಹಗುರವಾಗುವುದು. ನನ್ನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದು ಉಳಿದಿರಲಿಲ್ಲ. ದಾರಿಯುದ್ದಕ್ಕೂ ಯಾವ ಮಾತಿನಿಂದ ಶುರು ಮಾಡಲಿ, ಮಳೆಯಿಂದಲೋ ಹುಲ್ಲಿನಿಂದಲೋ ಎಂದು ಯೋಚಿಸುತ್ತ ಮನೆಗೆ ಬಂದೆ.

ಮತ್ತೆ ಗುಡ್ಡ ಹತ್ತಿದಾಗ ಕೆಮುಂಟೊ ಕರೆ ಮಾಡಿದಳು. ಬಿಡಾರದವರ ನೈರೋಬಿ ಕಚೇರಿಯಲ್ಲಿ ಕೂತು ಅತಿಥಿಗಳ ಪ್ರಯಾಣವನ್ನೆಲ್ಲ ಹೊಂದಿಸುವ ಹೆಂಗಸು ಅವಳು. ಕಿಸಿಯ ಕಡೆಯವಳು, ಮಾಸಾಯಿಯಲ್ಲ. ಒಳ್ಳೆಯವಳು, ಆದರೆ ಒಂದು ಮಾತು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುವವಳು.

"ಅಜ್ಜಾ, ಅವತ್ತು ಮಾತಿನ ಮಧ್ಯ ಫೋನು ಇಟ್ಬಿಟ್ರಂತೆ. ಸಿಗ್ರಿದ್ ಗಾಬರಿಯಾಗಿದಾರೆ. ಏನಾಯ್ತು?"

"ಅವನು ಮಲಗಿದ."

"ಯಾರು?"

"ಅವನೇ. ಆ ಮಕ್ಕಳು ಯಾರನ್ನ ನೋಡೋಕೆ ಬರ್ತಿದಾವೋ ಅವನು."

"ಅಯ್ಯೋ ಪಾಪ. ಏನು, ಜ್ವರಾನಾ?"

ಅವಳಿಗೆ ತಿಳಿಯಲಿಲ್ಲ ಎಂಬುದು ನನಗೆ ಆಗಲೇ ತಿಳಿಯಿತು. ನಾವು ಮಾತನಾಡುತ್ತಿದ್ದುದು ಸ್ವಾಹಿಲಿಯಲ್ಲಿ. ಅದರಲ್ಲಿ ಈ ಸಂಗತಿಗೆ ಒಂದು ಬೋಳು ಮಾತಿದೆ. ಆಡು ಹೋದರೂ ಅದೇ ಮಾತು, ನಾಯಿ ಹೋದರೂ ಅದೇ, ಫೋನು ಕೆಟ್ಟರೂ ಅದೇ. ಆ ಮಾತನ್ನು ತಂದು ಅವನ ಮೇಲೆ ಹಾಕುವುದು ನನ್ನಿಂದಾಗಲಿಲ್ಲ.

"ಜ್ವರ ಅಲ್ಲ," ಎಂದೆ.

"ಸದ್ಯ. ಜುಲೈ ಚಳಿ ಅಲ್ವಾ, ವಯಸ್ಸಾದೋರಿಗೆ ಸೊಂಟ ಹಿಡಿಯುತ್ತೆ. ನಮ್ಮಪ್ಪನೂ ಹೀಗೇ, ಈ ಕಾಲ ಬಂತು ಅಂದ್ರೆ ಮಲಗಿಬಿಡ್ತಾರೆ, ಬಿಸಿಲು ಬಂದ್ರೆ ಎದ್ದು ಎಲ್ಲರನ್ನೂ ಬಯ್ಯೋಕೆ ಶುರು. ಇವರೂ ಮಕ್ಕಳು ಬರೋ ಹೊತ್ತಿಗೆ ಎದ್ದಿರ್ತಾರೆ ಬಿಡಿ."

ನಾನು ಜಾಲಿಯ ತೊಗಟೆಯನ್ನು ಉಗುರಿನಿಂದ ಕೀಳುತ್ತಿದ್ದೆ.

"ಅಜ್ಜಾ, ಕೇಳಿಸ್ತಿದೆಯಾ? ಅವರು ಬಂದ ಮಾರನೇ ದಿನ ಬೆಳಿಗ್ಗೆ ನದಿ ಹತ್ರ ಕರ್ಕೊಂಡು ಹೋಗ್ತೀವಿ, ಹಿಂಡು ದಾಟೋದು ನೋಡ್ಲಿ. ಊಟ ಅಲ್ಲೇ. ಸಾಯಂಕಾಲದ ಹೊತ್ತಿಗೆ ಹಟ್ಟಿಗೆ. ಹೆಂಗಸರ ಹಾಡು ಇಟ್ಕೊಳ್ಳೋದೋ ಬೇಡ್ವೋ? ಅವರಿಗೆ ಹುಷಾರಿಲ್ಲ ಅಂತೀರಿ."

"ಹಾಡು ಬೇಡ," ಎಂದೆ.

"ಸರಿ, ಹಾಡು ಬೇಡ. ನಾನೂ ಜೊತೆಗೆ ಬರ್ತೀನಿ. ಸಿಗ್ರಿದ್ ನಮಗೆ ಬಹಳ ಹಳೇ ಗಿರಾಕಿ."

ಹಾಡು ಬೇಡ ಎಂದವನು, ಹಟ್ಟಿಗೇ ಬರುವುದು ಬೇಡ ಎನ್ನಬಹುದಿತ್ತು. ಏಕೆ ಎಂದು ಕೇಳುತ್ತಾಳೆ, ಆಗ ಮತ್ತೆ ಆ ಮಾತಿನ ಮುಂದೆಯೇ ನಿಲ್ಲಬೇಕಾಗುತ್ತದೆ ಎಂದು ಹಿಂಜರಿದೆ. ಕೆಮುಂಟೊಳೂ ಒಂದು ಊರಿನ ಮಗಳು, ಎದುರಿಗೆ ನಿಂತರೆ ನನ್ನ ಮುಖ ನೋಡಿಯೇ ತಿಳಿದುಕೊಳ್ಳುತ್ತಾಳೆ ಎಂದು ಸಮಾಧಾನ ತಂದುಕೊಂಡೆ. ಬಿಡಾರದಿಂದ ಹಟ್ಟಿಗೆ ಬರುವ ಜೀಪುಗಳೆಲ್ಲ ಹಳ್ಳದ ಕಡವಿನಲ್ಲೇ ದಾಟಬೇಕು. ಅಲ್ಲಿ ಕಾದು ನಿಂತು, ತಡೆದು, ಹಿಂದಕ್ಕೆ ಕಳಿಸಿಬಿಡುವುದು ಎಂದು ಮನಸ್ಸಿನಲ್ಲಿ ಗೊತ್ತು ಮಾಡಿದೆ. ಇದನ್ನು ನೋಲ್ಮೊಂಗಿಗೆ ತಿಳಿಸಲೂ ಇಲ್ಲ. ಅವರು ಹಟ್ಟಿಯವರೆಗೆ ಬರುವುದೇ ಇಲ್ಲವೆಂದ ಮೇಲೆ ಅವಳಿಗೇಕೆ ಹೇಳಬೇಕು ಎಂದುಕೊಂಡೆ.

ಆ ದಿನ ಮಧ್ಯಾಹ್ನಕ್ಕೆ ಮುಂಚೆಯೇ ಹೋಗಿ ಕಡವಿನ ಬಂಡೆಯ ಮೇಲೆ ಕೂತೆ. ನಮ್ಮ ಓರಗೆಯ ಸಿರೋಂಕಾ ದನಗಳಿಗೆ ನೀರು ಕುಡಿಸಲು ಅಲ್ಲಿಗೆ ಬಂದ. ನಾಲಗೆ ಹರಿತ, ಮನಸ್ಸು ಮೆದು.

"ಏನೋ ಮೆಪುಕೋರಿ, ಬಿಳೀ ಹೆಂಡ್ತಿ ಬರ್ತಾಳೆ ಅಂತ ದಾರಿ ಕಾಯ್ತಿದೀಯೇನೋ?"

"ಅವರನ್ನ ವಾಪಸ್ಸು ಕಳಿಸ್ಬೇಕು. ಪಾಶೆ ಮಲಗಿದ್ದು ಅವರಿಗೆ ಗೊತ್ತಿಲ್ಲ."

ಸಿರೋಂಕಾ ಕೋಲನ್ನು ಹೆಗಲಿನಿಂದ ಇಳಿಸಿದ. "ಗೊತ್ತಿಲ್ವಾ? ದಿನಾ ಗುಡ್ಡ ಹತ್ತಿ ಅರ್ಧ ದಿನ ಆ ಫೋನಿಗೆ ಮುತ್ತು ಕೊಡ್ತಾ ನಿಂತಿರ್ತೀಯ. ಅದರಲ್ಲಿ ಹೇಳ್ಬಾರ್ದಿತ್ತೇ?"

"ಏನಂತ ಹೇಳ್ಲಿ? ನೀನಾಗಿದ್ರೆ ಏನಂತಿದ್ದೆ, ಸ್ವಾಹಿಲೀಲಿ? ಹೇಳು ನೋಡೋಣ."

ಅವನು ಬಾಯಿ ತೆರೆದ. ದನಗಳ ಕಡೆ ನೋಡಿದ. ಬಾಯಿ ಮುಚ್ಚಿದ.

"ಅದೂ ಸರಿಯೇ," ಎಂದ. ಕೋಲನ್ನು ಮತ್ತೆ ಹೆಗಲಿಗೆ ಏರಿಸುತ್ತ, "ಆದ್ರೂ ಏನಾದ್ರೂ ಅನ್ಬೇಕಿತ್ತು ಕಣೋ. ಹಟ್ಟಿಗೆ ರೋಗ ಬಂದಿದೆ ಅಂತಾದ್ರೂ ಒಂದು ಸುಳ್ಳು," ಎಂದ.

ಅದು ನನಗೆ ಹೊಳೆದಿರಲಿಲ್ಲ. ನಾನು ಸುಳ್ಳು ಹೇಳುವವನಲ್ಲ ಎಂದು ಊರಲ್ಲೆಲ್ಲ ಹೆಸರು. ಆ ಕ್ಷಣದಲ್ಲಿ ಆ ಹೆಸರಿನ ಬಗ್ಗೆ ನನಗೆ ಅಸಹ್ಯವಾಯಿತು. ಕೆಮುಂಟೊ ಸೊಂಟದ ಮಾತು ಆಡಿದಾಗ ನಾನು ನಾಲಗೆ ಅಲ್ಲಾಡಿಸದೆ ಸುಳ್ಳನ್ನೇ ಹೇಳಿದ್ದೆನಲ್ಲ.

ಅಷ್ಟರಲ್ಲಿ ಸಿರೋಂಕಾ ಹಣೆಗೆ ಕೈ ಅಡ್ಡ ಹಿಡಿದು ಬಯಲಿನ ಕಡೆ ನೋಡಿದ. "ನಿನ್ನ ಜೀಪು ಆ ಕಡೆಯಿಂದ ಹೋಗ್ತಿದೆಯಲ್ಲೋ."

ಹಟ್ಟಿಯ ಆಚೆ ಧೂಳು ಏಳುತ್ತಿತ್ತು. ಆಮೇಲೆ ತಿಳಿದದ್ದು ಇಷ್ಟು. ನದಿಯ ದಂಡೆಗೆ ಬಂದು ನಿಂತ ಹಿಂಡು ನೀರಿಗೆ ಇಳಿಯದೆ ಹಿಂದಕ್ಕೆ ತಿರುಗಿತ್ತು. ಮಕ್ಕಳಿಗೆ ಬೇಸರವಾಯಿತು. ಸಂಜೆಯವರೆಗೆ ಕಾಯುವ ಬದಲು ಬಯಲಿನ ಮೇಲಿಂದಲೇ ಅಡ್ಡ ಹಾಯ್ದು ಅಜ್ಜನ ಹಟ್ಟಿಗೆ ಹೋಗೋಣವೆಂದು ಹೊರಟಿದ್ದರು. ಬಿಡಾರದಿಂದ ಬಂದಿದ್ದರೆ ಕಡವಿಗೆ ಬರುತ್ತಿದ್ದರು. ನದಿಯಿಂದ ಬಂದರೆ ಕಡವು ಬೇಕಾಗಿಯೇ ಇಲ್ಲ. ಬಯಲೆಲ್ಲ ಬಲ್ಲವನು ನಾನು. ನನಗದು ತೋಚಲಿಲ್ಲ.

ಎದ್ದು ಓಡಿದೆ. ನನ್ನ ವಯಸ್ಸಿನವರು ಓಡುವುದನ್ನು ನೋಡಿದರೆ ನಮ್ಮಲ್ಲಿ ಹೆಂಗಸರು ಮುಖ ತಿರುಗಿಸುತ್ತಾರೆ. ಅರ್ಧ ದಾರಿಯಲ್ಲಿರುವಾಗ ಗಾಳಿಯಲ್ಲಿ ಆ ಹೆಸರು ಬಂತು. ಮಕ್ಕಳ ದನಿ, ಎಲ್ಲ ಒಟ್ಟಿಗೆ, ಗೆಲುವಿನಿಂದ ಕೂಗಿದ್ದು. ಮೊದಲ ಅಕ್ಷರವನ್ನು ಎಳೆದಿದ್ದವು, ಕೊನೆಯದನ್ನು ನುಂಗಿದ್ದವು. ನಾನು ಹೇಳಿಕೊಟ್ಟದ್ದರಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ.

ಮತ್ತೊಮ್ಮೆ ಕರೆದವು. ನಾನು ಕೂಗಿ ಹೇಳೋಣವೆಂದರೆ ಉಸಿರೇ ಇರಲಿಲ್ಲ. ಬೇಲಿ ಮುಟ್ಟುವಷ್ಟರಲ್ಲಿ ಇನ್ನೊಮ್ಮೆ ಕರೆದವು. ಆಗ ಗುಡಿಸಲಿನ ಕತ್ತಲೆಯೊಳಗಿನಿಂದ ನೋಲ್ಮೊಂಗಿಯ ದನಿ ಬಂತು. ಹೆಸರು ಹಿಡಿದು ಕರೆಯುವವರು ಹೊರಗಿನವರೇ ಎಂದು ತಿಳಿದು, ಸ್ವಾಹಿಲಿಯಲ್ಲಿ, ದನದ ವ್ಯಾಪಾರಿಗಳಿಗೆ ಉತ್ತರ ಕೊಡುವ ಹಾಗೆ.

"ದನದ ಹಿಂದೆ ಹೋಗಿದಾರೆ. ಕೂತ್ಕೊಳ್ಳಿ, ಈಗ ಬರ್ತಾರೆ."

ಆಮೇಲೆ ಒಳಗೆ ಏನೂ ಕೇಳಿಸಲಿಲ್ಲ. ಬಟ್ಟಲೊಂದು ಕೆಳಗೆ ಬಿದ್ದ ಸದ್ದಾಯಿತು.

ಅವಳು ಬಾಗಿ ಹೊರಗೆ ಬಂದಳು. ಅತಿಥಿಗಳಿಗೆ ತೋರುವ ನಗು ಇನ್ನೂ ಅರ್ಧ ಮುಖದ ಮೇಲಿತ್ತು, ಅದನ್ನು ತೆಗೆಯುವುದು ಅವಳಿಗೆ ತಿಳಿಯದಂತಿತ್ತು. ಬೇಲಿಯ ಬಾಯಲ್ಲಿ ಬಿಸಿಲಿಗೆ ಕೆಂಪಾದ ಮೂರು ಮಕ್ಕಳು ಸಾಲಾಗಿ ನಿಂತಿದ್ದವು. ಯಾರೋ ಹೊರಗೆ ಬಂದರೆಂದು ಕಂಡ ಕೂಡಲೆ ಮೂರೂ ತಲೆ ಬಾಗಿಸಿದವು. ನೋಲ್ಮೊಂಗಿ ಅವುಗಳನ್ನು ನೋಡಿದಳು, ಅವುಗಳ ಹಿಂದೆ ಏದುಸಿರು ಬಿಡುತ್ತ ನಿಂತಿದ್ದ ನನ್ನನ್ನು ನೋಡಿದಳು. ಬಾಗಿದ ತಲೆಯನ್ನು ಹಾಗೆಯೇ ಬಿಡುವುದು ಯಾವ ತಾಯಿಯಿಂದಲೂ ಆಗದು. ಒಂದೊಂದು ತಲೆಯ ಮೇಲೂ ಅಂಗೈ ಇಟ್ಟಳು.

ಸಿಗ್ರಿದ್ ತೋಳಿನ ಮೇಲೆ ಒಂದು ದಪ್ಪ ಕಂಬಳಿ ಹೊತ್ತುಕೊಂಡು ಮುಂದೆ ಬಂದಳು. "ದನದ ಹಿಂದೆ ಹೋಗೋಷ್ಟು ಹುಷಾರಾದ್ರಾ? ದೇವರು ದೊಡ್ಡೋನು. ಮಲಗಿದಾರೆ ಅಂದಿದ್ರು ಅಂತ ಇದನ್ನ ತಂದೆ. ನಮ್ಮೂರಿನ ಕುರಿ ಉಣ್ಣೆ, ಸೊಂಟಕ್ಕೆ ಬೆಚ್ಚಗಿರುತ್ತೆ." ನನ್ನನ್ನು ಕಂಡು, "ನೀವು ಇಲ್ಲೇ ಇದೀರಲ್ಲ. ಎಲ್ಲಿ ನಿಮ್ಮ ಗೆಳೆಯ?" ಎಂದಳು.

ನನಗೆ ಇನ್ನೊಂದು ಅವಕಾಶ ಸಿಕ್ಕಿತ್ತು. ನಾನು ಬಾಯಿ ತೆರೆದೆ. ಬಂದದ್ದು ಮತ್ತೆ ಅದೇ.

"ಮಲಗಿದಾನೆ."

ಸಿಗ್ರಿದ್ ತುಟಿಯ ಮೇಲೆ ಬೆರಳಿಟ್ಟುಕೊಂಡಳು. ತಿರುಗಿ ಮಕ್ಕಳಿಗೆ ತಮ್ಮ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿದಳು. ಮಕ್ಕಳು ಒಬ್ಬರ ಬಾಯಿಗೆ ಒಬ್ಬರು ಕೈ ಅಡ್ಡ ಹಿಡಿದು, ಕಾಲಿನ ತುದಿಯ ಮೇಲೆ ನಡೆಯುತ್ತ, ಗುಡಿಸಲ ನೆರಳಿಗೆ ಬಂದು ಸದ್ದಿಲ್ಲದೆ ಕೂತವು. ಅಜ್ಜನಿಗೆ ಎಚ್ಚರವಾಗಬಾರದೆಂದು ಚಿಕ್ಕದು ಕೆಮ್ಮನ್ನೂ ಅಂಗಿಯ ತೋಳಿನಲ್ಲಿ ಅಡಗಿಸಿತು.

ನೆಲ ಬಾಯಿ ತೆರೆದಿದ್ದರೆ ನಾನು ಒಳಗೆ ಇಳಿಯುತ್ತಿದ್ದೆ.

ಕೊನೆಯಲ್ಲಿ ಜೀಪಿನಿಂದ ಇಳಿದು ಬಂದವಳು ಕೆಮುಂಟೊ. ಏನೋ ಹೇಳುತ್ತಲೇ ಬಂದಳು. ನೋಲ್ಮೊಂಗಿಯ ಬರಿಯ ಕೊರಳನ್ನೂ ಬರಿಯ ಕಿವಿಯನ್ನೂ ಕಂಡು ಮಾತು ನಿಲ್ಲಿಸಿದಳು. ಬೇಲಿಯ ಪಕ್ಕದ ಕಲ್ಲಿನ ರಾಶಿಯ ಕಡೆ ತಿರುಗಿದಳು. ಅವಳ ಊರಿನಲ್ಲೂ ಮನೆಯವರನ್ನು ಮನೆಯ ಹತ್ತಿರವೇ ಮಣ್ಣು ಮಾಡುತ್ತಾರೆ. ಅವಳು ಇದ್ದಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಅಜ್ಜಾ," ಎಂದಳು. "ಅವತ್ತು ಫೋನಲ್ಲಿ ಮಲಗಿದ ಅಂದಿದ್ದು ಇದಾ?"

ನಾನು ಹೌದೆಂದು ತಲೆ ಆಡಿಸಿದೆ.

"ನಾನು ನಮ್ಮಪ್ಪನ ಸೊಂಟದ ಕಥೆ ಹೇಳ್ತಾ ಕೂತೆ. ಒಂದು ಸಲ ಬಯ್ದಾದ್ರೂ ಬಾಯಿ ಮುಚ್ಚಿಸ್ಬಾರ್ದಿತ್ತಾ?"

ಅವಳೇ ಸಿಗ್ರಿದ್‌ಗೆ ಇಂಗ್ಲಿಷಿನಲ್ಲಿ ತಿಳಿಸಿದಳು. ಸಿಗ್ರಿದ್ ಕಂಬಳಿಯನ್ನು ಎದೆಗೆ ಅವುಚಿಕೊಂಡು ನನ್ನ ಕಡೆ ತಿರುಗಿದಳು.

"ನನಗೆ ಯಾಕೆ ಹೇಳ್ಲಿಲ್ಲ ನೀವು?"

"ಹೇಳ್ದೆ."

"ನಾನು ದಾದಿ. ಆ ಮಾತನ್ನ ಎಷ್ಟೋ ಮನೆಯೋರಿಗೆ ಬಾಗಿಲಲ್ಲಿ ನಿಂತು ಹೇಳಿದೀನಿ. ನನ್ನ ಗಂಡನಿಗೆ ಆದಾಗ ನಾನೇ ಎಲ್ಲರಿಗೂ ಫೋನು ಮಾಡಿ ಹೇಳ್ದೆ. ನನಗೆ ಹೇಳಬಹುದಿತ್ತು."

ಹಿರಿಯ ಹುಡುಗಿ ಅಜ್ಜಿಯ ಅಂಗಿ ಜಗ್ಗಿ ಏನೋ ಕೇಳಿದಳು. ಸಿಗ್ರಿದ್ ಅದನ್ನು ನನಗೆ ಹೇಳಲೋ ಬೇಡವೋ ಎಂದು ಅನುಮಾನಿಸಿದಳು.

"ಹೆಸರನ್ನ ತಪ್ಪಾಗಿ ಹೇಳಿದ್ವಾ, ಅದಕ್ಕೆ ಎಲ್ಲರೂ ಹೀಗಿದೀರಾ ಅಂತ ಕೇಳ್ತಿದಾಳೆ."

"ಇಲ್ಲ ಅನ್ನಿ," ಎಂದೆ. "ಸರಿಯಾಗಿ ಹೇಳಿದ್ರು ಅನ್ನಿ."

ನೋಲ್ಮೊಂಗಿ ಈ ನಡುವೆ ಒಳಗೆ ಹೋಗಿ ಸೋರೆಬುರುಡೆಯ ಹಾಲನ್ನು ಬಟ್ಟಲುಗಳಿಗೆ ಬಗ್ಗಿಸಿ ತಂದಳು. ಮಕ್ಕಳು ಕುಡಿದವು. ಬುರುಡೆಗೆ ಹಿಡಿಸಿದ ಹೊಗೆಯ ವಾಸನೆಗೆ ಚಿಕ್ಕದು ಮೂಗು ಸುಕ್ಕಿಸಿತು, ಆದರೂ ಬಟ್ಟಲು ಖಾಲಿ ಮಾಡಿತು. ಸಿಗ್ರಿದ್ ಕಂಬಳಿಯನ್ನು ಚಾಚಿದಾಗ ನೋಲ್ಮೊಂಗಿ ಅದನ್ನು ಕೈಯಿಂದ ಮುಟ್ಟಿ ನೋಡಿ, ಹಿಂದಕ್ಕೆ ಸರಿಸಿದಳು. ಮಲಗಿದವನಿಗೆಂದು ತಂದದ್ದು ಮನೆಯೊಳಗೆ ಬರಬಾರದು. ಅದನ್ನು ಬಿಡಿಸಿ ಹೇಳುವ ಕೆಲಸ ನನ್ನದಾಗಿತ್ತು. ನಾನು ಬಾಯಿ ತೆರೆಯಲಿಲ್ಲ. ಸಿಗ್ರಿದ್ ಕೇಳಲೂ ಇಲ್ಲ. ಜೀಪು ಹೊರಟಾಗ ಕಂಬಳಿ ಅವಳ ತೊಡೆಯ ಮೇಲಿತ್ತು.

ಧೂಳು ಇಳಿದ ಮೇಲೆ ನಾನು ಬೇಲಿಯ ಹೊರಗೇ ನಿಂತೆ. ನೋಲ್ಮೊಂಗಿ ಖಾಲಿ ಬಟ್ಟಲುಗಳನ್ನು ಒಂದರೊಳಗೊಂದು ಇಡುತ್ತಿದ್ದಳು.

"ಅವರು ಬರೋದು ನಿಮಗೆ ಗೊತ್ತಿತ್ತಾ ಭಾವ?"

"ಗೊತ್ತಿತ್ತು. ಕಡವಿನಲ್ಲಿ ತಡೆಯೋಣ ಅಂತಿದ್ದೆ."

"ನನಗೆ ಒಂದು ಮಾತು ಹೇಳಿದ್ರೆ ನಾನು ಮೈಮೇಲೆ ಎಚ್ಚರ ಇಟ್ಕೊಂಡಿರ್ತಿದ್ದೆ. ಇಷ್ಟು ದಿನದಿಂದ ಈ ಕಿವಿಗೆ ಬುದ್ಧಿ ಹೇಳ್ತಾ ಇದೀನಿ. ಸಾಯಂಕಾಲ ದನ ಬಂದಾಗ ಹಿಂದಿನ ಹೆಜ್ಜೆ ಕೇಳ್ಬೇಡ, ಬಾಗಿಲಲ್ಲಿ ಕೆಮ್ಮು ಕೇಳ್ಬೇಡ ಅಂತ. ಈಗೀಗ ಸ್ವಲ್ಪ ಮಾತು ಕೇಳ್ತಿತ್ತು. ಇವತ್ತು ನನ್ನ ಬಾಯಿಂದಾನೇ, ಬರ್ತಾರೆ ಕೂತ್ಕೊಳ್ಳಿ ಅಂತ ಬಂತು." ಅವಳು ಬಟ್ಟಲನ್ನು ಕೆಳಗಿಟ್ಟಳು. "ಅಂದ್ಮೇಲೆ ಒಂದು ಗಳಿಗೆ ನಾನೂ ಕಾದೆ ಭಾವ. ನಿಜವಾಗ್ಲೂ ಕಾದೆ."

ಅವಳು ಆ ಬಟ್ಟಲನ್ನು ಮತ್ತೆ ಎತ್ತಿ ಉಳಿದವುಗಳ ಮೇಲಿಟ್ಟಳು.

"ಎತ್ತು ಕಡಿಯೋ ದಿನ ಪ್ರಾರ್ಥನೆ ಕುಂಟಾಯಿ ಹೇಳ್ಲಿ," ಎಂದಳು.

"ಅವನಿಗೆ ಅದು ಬರಲ್ಲ ತಾಯಿ. ಅವನು ನಗಿಸೋಕೆ ಮಾತ್ರ."

"ಬರ್ದೇ ಇರ್ಲಿ. ಹೇಳಲೇಬೇಕಾದ 'ಬರಬೇಡಿ' ಅನ್ನೋ ಒಂದು ಮಾತು ನಿಮ್ಮ ಬಾಯಿಂದ ಬರ್ಲಿಲ್ಲ. ಅವತ್ತು ಆ ಬಾಯಿ ದೊಡ್ಡ ದೊಡ್ಡ ಮಾತು ಆಡೋದು ನನಗೆ ಬೇಡ. ನೀವು ಬನ್ನಿ. ಮಾಂಸ ತಿನ್ನಿ. ಎಲ್ಲರ ಜೊತೆ ಓಗೊಡಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಹೇಳಿ ಬೇಡಿಕೊಳ್ಳುತ್ತಿದ್ದೆನೇನೋ.

ಸಿರೋಂಕಾನಿಗೆ ಇದು ತಿಳಿದು ನನ್ನ ಹಟ್ಟಿಗೆ ಬಂದ. "ನಾನು ಹೋಗಿ ಮಾತಾಡ್ಲಾ? ಹೆಂಗಸು, ದುಃಖದಲ್ಲಿ ಏನೋ ಅಂದಿದಾಳೆ. ಪಾಶೆ ಇರೋವಾಗ ತಮ್ಮ ಹೇಳೋದು ಎಲ್ಲಿದೆ?"

"ಬೇಡ."

"ಓರಗೆಯೋರೆಲ್ಲ ಹೋಗಿ ಕೇಳಿದ್ರೆ ಅವಳು ಇಲ್ಲ ಅನ್ನೋದಿಲ್ಲ."

"ಅದಕ್ಕೇ ಬೇಡ ಅಂದೆ. ನನ್ನ ಮರ್ಯಾದೆ ಉಳಿಸೋಕೆ ಇನ್ನೊಂದ್ಸಲ ಅವಳನ್ನ ನೋಯಿಸ್ಬೇಡಿ."

ಅವನು ನನ್ನನ್ನೇ ನೋಡಿ, "ಈ ಬುದ್ಧಿ ಗುಡ್ಡದ ಮೇಲೆ ಎಲ್ಲಿ ಹೋಗಿತ್ತೋ," ಎಂದು ನಿಟ್ಟುಸಿರು ಬಿಟ್ಟು ಎದ್ದುಹೋದ.

ನಾನು ಬಿಡಾರದ ಕೆಲಸ ಬಿಟ್ಟೆ. ಕೆಮುಂಟೊ ಒಂದೆರಡು ಸಲ ಕರೆ ಮಾಡಿದಳಂತೆ. ನಾನು ಗುಡ್ಡ ಹತ್ತಲಿಲ್ಲ. ನಮ್ಮ ರೀತಿಯೇನು, ನೀತಿಯೇನು ಎಂದು ಲೋಕಕ್ಕೆಲ್ಲ ತಿಳಿಸುತ್ತಿದ್ದವನು ನಾನು. ಬೆಳಿಗ್ಗೆ ಎದ್ದು ಮೂಡಣಕ್ಕೆ ಮುಖ ಮಾಡಿ ಎಂಕಾಯ್ ಎಂದು ಕೈ ಎತ್ತಿದರೆ ಕೈ ಅರ್ಧಕ್ಕೇ ನಿಲ್ಲುತ್ತಿತ್ತು. ಬೇಡುವುದಕ್ಕೆ ಬಾಯಿ ಬೇಕಲ್ಲ.

ಎತ್ತು ಕಡಿದ ದಿನ ಮೋಡ ಕವಿದಿತ್ತು. ಹಿರಿಯರೆಲ್ಲ ಹುಲ್ಲು ಹಿಡಿದು ದೊಡ್ಡಿಯ ಬಾಗಿಲಲ್ಲಿ ಅರ್ಧ ಸುತ್ತಾಗಿ ನಿಂತರು. ನಾನು ಎಲ್ಲರ ಹಿಂದೆ, ಬೇಲಿಗೆ ಅಂಟಿಕೊಂಡ ಹಾಗೆ ನಿಂತೆ. ಕೆಲವರು ನನಗೆ ಮುಂದೆ ಜಾಗ ಬಿಟ್ಟರು. ನಾನು ಹೋಗದಿದ್ದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಡುವೆ ಬಂದು ನಿಂತವನು ಕುಂಟಾಯಿ. ಪಿಸುಮಾತು ಹಬ್ಬಿತು. ಅಲ್ಲಿದ್ದವರಿಗೆಲ್ಲ ಆಗ ವಿಷಯ ತಿಳಿಯಿತು, ಅಥವಾ ತಿಳಿದಿದ್ದು ಖಚಿತವಾಯಿತು. ನನ್ನ ಕಿವಿ ಸುಡುತ್ತಿತ್ತು. ನೋಲ್ಮೊಂಗಿ ಹೆಂಗಸರ ಜೊತೆ ಗುಡಿಸಲ ಮುಂದೆ ಕೂತಿದ್ದಳು.

ಕುಂಟಾಯಿ ಹಾಲಿನ ಬುರುಡೆ ಎತ್ತಿ ಹುಲ್ಲಿನಿಂದ ಸುತ್ತಲೂ ಚಿಮುಕಿಸಿದ. "ಕಪ್ಪು ಎಂಕಾಯ್," ಎಂದ. "ಮಳೆಯವಳೇ." ನಾವೆಲ್ಲ "ಎಂಕಾಯ್" ಎಂದೆವು. ಅಲ್ಲಿಗೆ ಅವನ ಮಾತು ನಿಂತಿತು. ತಲೆಗಳ ಮೇಲಿಂದ ಅವನ ಕಣ್ಣು ನನ್ನನ್ನು ಹುಡುಕಿತು. ಮುಂದಿನ ಮಾತು ನನಗೆ ಗೊತ್ತಿತ್ತು. ಅದರ ಮುಂದಿನದೂ ಗೊತ್ತಿತ್ತು. ಎಷ್ಟೋ ದಿನದಿಂದ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದೆ. ಜನರೂ ಹಿಂದಕ್ಕೆ ತಿರುಗಿದರು. ನೋಲ್ಮೊಂಗಿಯೂ ತಲೆ ಎತ್ತಿ ನೋಡಿದಳು. ನನಗೆ ಕೊಟ್ಟದ್ದು ಒಂದೇ ಮಾತು, ಓಗೊಡುವ ಮಾತು. ಅದನ್ನೇ ಹೇಳಿದೆ.

"ಎಂಕಾಯ್," ಎಂದೆ, ನನ್ನಲ್ಲಿದ್ದ ದನಿಯನ್ನೆಲ್ಲ ಹಾಕಿ.

ಸಿರೋಂಕಾ ಅದನ್ನು ಹಿಡಿದು "ಎಂಕಾಯ್" ಎಂದ. ಉಳಿದವರೂ ಎಂದರು. ಆ ಹೊತ್ತಿನಲ್ಲಿ ಕುಂಟಾಯಿಗೆ ಉಸಿರು ಬಂತು. ಹಿರಿಯರು ಹೇಳುವ ದೊಡ್ಡ ಮಾತುಗಳನ್ನು ಅವನು ಬಿಟ್ಟುಬಿಟ್ಟ. ಗುಡಿಸಲ ಬಾಗಿಲಲ್ಲಿ ಕೂತು ತಾಯಿಯ ಹತ್ತಿರ ಕೇಳುವ ಹಾಗೆ ಕೇಳತೊಡಗಿದ. ಪ್ರತಿ ಮಾತಿಗೂ ನಾವು ಓಗೊಟ್ಟೆವು. ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಯಲ್ಲಿ ಹುಲ್ಲಿತ್ತು.

"ತಾಯಿ, ನಮ್ಮಣ್ಣ ನಿನ್ನ ಹತ್ರ ಬಂದಿದಾನೆ."

"ಎಂಕಾಯ್."

"ಅವನು ಯಾರು ಅಂತ ನಿನಗೆ ಗೊತ್ತು. ನಾವು ಹೇಳೋದು ಬೇಡ."

"ಎಂಕಾಯ್."

"ನಡೆದು ನಡೆದು ಸಾಕಾಗಿದೆ ಅವನಿಗೆ. ನೆರಳಲ್ಲಿ ಕೂರಿಸು."

"ಎಂಕಾಯ್."

"ಇಲ್ಲಿಂದ ಯಾರಾದ್ರೂ ಅವನನ್ನ ಕರೆದಿದ್ರೆ, ಗೊತ್ತಿಲ್ದೇ ಕರೆದಿದ್ರೆ, ಅದು ಅವನಿಗೆ ಕೇಳಿಸ್ದಿರ್ಲಿ. ಕರೆಸಿದವರನ್ನೂ ನೀನು ಕೈಬಿಡ್ಬೇಡ."

ಅಲ್ಲಿ ನನ್ನ ದನಿ ಏಳಲಿಲ್ಲ. ಉಳಿದವರು ನನ್ನ ಪಾಲಿನದನ್ನೂ ಸೇರಿಸಿ ಹೇಳಿದರು.

"ಎಂಕಾಯ್."

"ಅವನ ಹೆಂಡ್ತಿ ಕಿವಿಗೆ ನೆಮ್ಮದಿ ಕೊಡು. ಅವನ ದನಗಳಿಗೆ ಹುಲ್ಲು ಕೊಡು."

"ಎಂಕಾಯ್."

"ಅವನು ಚೆನ್ನಾಗಿ ಮಲಗ್ಲಿ ತಾಯಿ. ಯಾರೂ ಎಬ್ಬಿಸ್ದೇ ಇರ್ಲಿ. ಅವನ ಮೇಲೆ ತಂಪಾಗಿ ಮಳೆ ಸುರಿಸು, ಶಾಂತಿ ಕೊಡು."

"ಎಂಕಾಯ್."